ಸರ್ವರ್‌ಗೆ ಇನ್ನೂ ನಿನ್ನೆಯೇ!

ಏಪ್ರಿಲ್ 1ರ ನಸುಕಿನ 2 ಗಂಟೆಗೆ ನಿಮ್ಮ ವೆಬ್‌ಸೈಟಿಗೆ ಬಂದ ಆರ್ಡರ್ ಮಾರ್ಚ್ 31ರ ಲೆಕ್ಕಕ್ಕೆ ಸೇರಿದರೆ? ಬರೀ ತಾರೀಕಲ್ಲ, ಆರ್ಥಿಕ ವರ್ಷವೇ ತಪ್ಪಿಹೋಯ್ತು!

ಕಾರಣ ಸರಳ. ಬಹಳಷ್ಟು ಸರ್ವರ್‌ಗಳು ನಡೆಯೋದು ಯುಟಿಸಿ ಸಮಯದಲ್ಲಿ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮಗೆ ಬೆಳಗ್ಗೆ 5.30 ಆಗೋವರೆಗೂ ಸರ್ವರ್‌ಗೆ ನಿನ್ನೆಯೇ.

ಮೊದಲು ವ್ಯತ್ಯಾಸ ಎಷ್ಟು ಅಂತ ನೋಡಿ. ಸರಿಯಾಗಿ ಐದೂವರೆ ಗಂಟೆ ಹಿಂದಿದ್ದರೆ ಟೈಮ್‌ಝೋನ್ ಹೊಂದಿಸಿಲ್ಲ. ವರ್ಡ್‌ಪ್ರೆಸ್ ಆದರೆ ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ ‘ಕೋಲ್ಕತಾ’ ಆರಿಸಿ. ಕೆಲವೇ ನಿಮಿಷದ ವ್ಯತ್ಯಾಸವೇ? ಸರ್ವರ್ ಗಡಿಯಾರವೇ ತಪ್ಪಿರಬಹುದು, ಎನ್‌ಟಿಪಿ ಆನ್ ಇದೆಯಾ ನೋಡಿ.

ಡೇಟಾಬೇಸ್‌ನಲ್ಲಿ ಯುಟಿಸಿಯೇ ಇರಲಿ. ತೋರಿಸುವಾಗ, ಲೆಕ್ಕ ತೆಗೆಯುವಾಗ ಭಾರತದ ಸಮಯಕ್ಕೆ ಬದಲಿಸಿಕೊಳ್ಳಿ. ಕೈಯಾರೆ ಐದೂವರೆ ಗಂಟೆ ಕೂಡಿಸಿಟ್ಟರೆ, ಸಾಫ್ಟ್‌ವೇರ್ ಮತ್ತೊಮ್ಮೆ ಕೂಡಿಸುತ್ತೆ. ಆಗ ಸರ್ವರ್‌ಗೆ ನಾಳೆಯೇ ಬಂದುಬಿಡುತ್ತೆ!