ಮನೆಯ ಪೂಲ್: ನೀರು ತಿಳಿಯಾಗಿರಲಿ, ಖರ್ಚು ಹಿಡಿತದಲ್ಲಿರಲಿ

ಬೇಸಿಗೆ ರಜೆ ಶುರುವಾದರೆ ಸಾಕು, ಮಕ್ಕಳದ್ದು ಒಂದೇ ರಾಗ, 'ಅಮ್ಮಾ, ಸ್ವಿಮ್ಮಿಂಗ್!' ಹಿಂದೆ ಈಜು ಎಂದರೆ ಅಜ್ಜಿ ಊರಿನ ಬಾವಿ, ಕೆರೆ, ಬೆನ್ನಿಗೆ ಕಟ್ಟಿದ ಒಣ ಸೋರೆಬುರುಡೆ. ಈಗ ನಮ್ಮ ನಾಗರಬಾವಿ, ವಿಜಯನಗರ, ಕೆಂಗೇರಿ ಕಡೆ ಹೊಸದಾಗಿ ಮನೆ ಕಟ್ಟಿಸುವವರಲ್ಲಿ ಕೆಲವರು ಹಿತ್ತಲಲ್ಲೇ ಪುಟ್ಟದೊಂದು ಪೂಲ್ ಮಾಡಿಸಿಕೊಳ್ಳುತ್ತಾರೆ. ಅಷ್ಟು ಜಾಗ ಇಲ್ಲದವರು ಗಾಳಿ ತುಂಬುವ ಪ್ಲಾಸ್ಟಿಕ್ ಪೂಲ್ ತಂದು ಟೆರೇಸ್ ಮೇಲೆ ಇಡುತ್ತಾರೆ.

ಕಟ್ಟಿಸುವಾಗ ಎಲ್ಲರಿಗೂ ಉತ್ಸಾಹ. ಆಮೇಲೆ? ಎರಡೇ ವಾರದಲ್ಲಿ ನೀರು ಹಸಿರು. ಅದನ್ನು ಚೆಲ್ಲಿ ಮತ್ತೆ ಟ್ಯಾಂಕರ್‌ಗೆ ಫೋನ್. ಕೊನೆಗೆ ಆ ಜವಾಬ್ದಾರಿಯೂ ಗೃಹಿಣಿಯ ತಲೆಗೇ, ಅಲ್ವಾ? ಹಾಗಂತ ಹೆದರಬೇಕಾಗಿಲ್ಲ. ಪೂಲ್ ನೋಡಿಕೊಳ್ಳುವುದು ಅಡುಗೆಮನೆ ನೋಡಿಕೊಂಡ ಹಾಗೆಯೇ. ದಿನಾ ಹತ್ತು ನಿಮಿಷ ಕೊಟ್ಟರೆ ತಿಂಗಳ ದೊಡ್ಡ ಕೆಲಸ ತಪ್ಪುತ್ತದೆ.

ಮೊದಲು ಲೆಕ್ಕ

ಉದ್ದ, ಅಗಲ, ಆಳವನ್ನು ಮೀಟರ್‌ನಲ್ಲಿ ಗುಣಿಸಿ, ಬಂದದ್ದನ್ನು ಸಾವಿರದಿಂದ ಗುಣಿಸಿ. ಅದೇ ಲೀಟರ್. ನಾಲ್ಕು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ, 1.2 ಮೀಟರ್ ಆಳದ ಪುಟ್ಟ ಪೂಲ್‌ಗೆ 12,000 ಲೀಟರ್ ಬೇಕು. ಅಂದರೆ ಆರು ಸಾವಿರ ಲೀಟರಿನ ಎರಡು ಟ್ಯಾಂಕರ್. ಈ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡಿ. ಮುಂದೆ ಹಾಕುವ ಪ್ರತಿ ಚಮಚ ಔಷಧಿಗೂ ಇದೇ ಆಧಾರ.

ನೀರು ಎಲ್ಲಿಂದ ತರುತ್ತೀರಿ ಎಂಬುದೂ ಮುಖ್ಯ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರು ಬಳಸಬಾರದೆಂದು ಆದೇಶಿಸಿತು. ತಪ್ಪಿದರೆ 5,000 ರೂಪಾಯಿ ದಂಡ. ಅದೇ ತಿಂಗಳು ಜಿಲ್ಲಾಡಳಿತ ಟ್ಯಾಂಕರ್‌ಗಳಿಗೂ ದರ ನಿಗದಿ ಮಾಡಬೇಕಾಯಿತು. ಪಕ್ಕದ ಬೀದಿಯವರು ಕೊಡ ಹಿಡಿದು ಕಾಯುವಾಗ ನಮ್ಮ ಮನೆಯ ಪೂಲ್‌ಗೆ ಕಾವೇರಿ ನೀರು ಬಿಡುವುದು ಯಾರಿಗೂ ಶೋಭೆಯಲ್ಲ. ಆದ್ದರಿಂದ ಒಮ್ಮೆ ತುಂಬಿದ ನೀರನ್ನು ವರ್ಷಗಟ್ಟಲೆ ಚೆಲ್ಲದೆ ಉಳಿಸಿಕೊಳ್ಳುವುದೇ ಜಾಣತನ. ಸರಿಯಾಗಿ ನೋಡಿಕೊಂಡರೆ ಅದು ಸಾಧ್ಯ.

ಇದಕ್ಕೆ ಮಳೆ ನಮ್ಮ ನೆಂಟ. ನೂರು ಚದರ ಮೀಟರ್ ತಾರಸಿಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಒಂದು ಸಾವಿರ ಲೀಟರ್ ನೀರು. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು, ನಂತರದ್ದನ್ನು ಸೋಸಿ ಪೂಲ್‌ಗೆ ಬಿಡಿ. ಬೋರ್‌ವೆಲ್ ನೀರಿನಂತೆ ಇದು ಗಡಸಲ್ಲ, ಟೈಲ್ಸ್ ಮೇಲೆ ಬಿಳಿ ಕರೆ ಕಟ್ಟುವುದಿಲ್ಲ. ಮಳೆನೀರು ಹಿಡಿಯುವ ವಿಧಾನಗಳನ್ನು ಕಣ್ಣಾರೆ ನೋಡಬೇಕೆಂದರೆ ಜಯನಗರದಲ್ಲಿರುವ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಸಂಗ್ರಹ ಥೀಮ್ ಪಾರ್ಕ್‌ಗೆ ಹೋಗಿಬನ್ನಿ.

ಮುಚ್ಚಿಡಿ, ಉಳಿಸಿ

ಹತ್ತು ಚದರ ಮೀಟರ್ ಪೂಲ್‌ನಿಂದ ಬಿರುಬೇಸಿಗೆಯಲ್ಲಿ ದಿನಕ್ಕೆ ಐವತ್ತು ಲೀಟರ್ ಆಸುಪಾಸು ನೀರು ಆವಿಯಾಗುತ್ತದೆ. ತಿಂಗಳಿಗೆ ಒಂದೂವರೆ ಸಾವಿರ ಲೀಟರ್! ಈಜು ಮುಗಿದ ಕೂಡಲೇ ಕವರ್ ಎಳೆದರೆ ಇದರಲ್ಲಿ ಬಹುಪಾಲು ಉಳಿಯುತ್ತದೆ. ರಿಂಗ್ ರೋಡಿನ ಧೂಳು, ಹೊಂಗೆ ಮರದ ಎಲೆ, ಹೂವು ಬೀಳುವುದೂ ತಪ್ಪುತ್ತದೆ. ಬಿಸಿಲಿಗೆ ಕ್ಲೋರಿನ್ ಹಾರಿಹೋಗುವುದೂ ಕಡಿಮೆ. ಒಂದು ಕವರ್‌ನಿಂದ ಮೂರು ಲಾಭ.

ಕ್ಲೋರಿನ್ ಎಷ್ಟು?

ನೀರಿನಲ್ಲಿ ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.6ರ ನಡುವೆ ಇದ್ದರೆ ಸರಿ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಪೂಲ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಮಕ್ಕಳಿಗೂ ಇದೊಂದು ವಿಜ್ಞಾನದ ಆಟ. ಹಾಲಿನ ಪಾತ್ರೆ ಒಲೆಗಿಟ್ಟು ಬಂದು ಟೆಸ್ಟ್ ಮುಗಿಸಿಬಿಡಬಹುದು, ಅಷ್ಟು ಸುಲಭ.

ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಕ್ಲೋರಿನ್ ಇರುತ್ತದೆ. ಹನ್ನೆರಡು ಸಾವಿರ ಲೀಟರಿನಲ್ಲಿ ಕ್ಲೋರಿನ್ 1 ಪಿಪಿಎಂ ಏರಿಸಲು ಸುಮಾರು 40 ಗ್ರಾಂ ಪುಡಿ ಸಾಕು. ಪುಡಿಯನ್ನು ನೇರವಾಗಿ ಪೂಲ್‌ಗೆ ಎರಚಬೇಡಿ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ನೀರು ತೆಗೆದುಕೊಂಡು ಅದಕ್ಕೆ ಪುಡಿ ಹಾಕಿ ಕದಡಿ. ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿ. ಸುಣ್ಣ ಸೇರಿದರೆ ನಮ್ಮ ಗಡಸು ಬೋರ್‌ವೆಲ್ ನೀರು ಇನ್ನಷ್ಟು ಮಬ್ಬಾಗುತ್ತದೆ. ಸೂರ್ಯ ಮುಳುಗಿದ ಮೇಲೆ ಹಾಕಿದರೆ ರಾತ್ರಿಯಿಡೀ ಕೆಲಸ ಮಾಡುತ್ತದೆ. ಹಳೆಯ ಪುಡಿಗೆ ಸತ್ವ ಕಡಿಮೆ, ಹಾಗಾಗಿ ಅಗ್ಗವೆಂದು ಮೂಟೆಗಟ್ಟಲೆ ತಂದಿಡಬೇಡಿ.

ಪಿಎಚ್ ಮರೆತರೆ ಮಾತ್ರ ಮೋಸ. ಅದು 8 ದಾಟಿತೆಂದರೆ ಹಾಕಿದ ಕ್ಲೋರಿನ್‌ನಲ್ಲಿ ಕಾಲು ಭಾಗವೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಮುಕ್ಕಾಲು ಪಾಲು ದುಡ್ಡು ನೀರಿಗೆ ಹಾಕಿದ ಹಾಗೆ! ಇಳಿಸಲು ಪಿಎಚ್ ಮೈನಸ್ ಎಂಬ ಪುಡಿ ಸಿಗುತ್ತದೆ. ಬಾತ್‌ರೂಂ ತೊಳೆಯುವ ಆಸಿಡ್ ಮಾತ್ರ ಖಂಡಿತ ಬೇಡ.

ಇಲ್ಲೊಂದು ಎಚ್ಚರಿಕೆ. ಬ್ಲೀಚಿಂಗ್ ಪೌಡರ್ ಜೊತೆ ಆಸಿಡ್ ಸೇರಿದರೆ ವಿಷಗಾಳಿ ಏಳುತ್ತದೆ. ಬ್ಲೀಚಿಂಗ್ ಪೌಡರನ್ನೂ ಪೂಲ್ ಮಾತ್ರೆಯ ಪುಡಿಯನ್ನೂ ಬೆರೆಸಿದರೆ ಬೆಂಕಿ ಹತ್ತಿಕೊಳ್ಳಬಹುದು. ಒಂದೇ ಚಮಚ, ಒಂದೇ ಡಬ್ಬಿ ಎರಡಕ್ಕೂ ಬಳಸಬೇಡಿ. ಯಾವಾಗಲೂ ನೀರಿಗೆ ಪುಡಿ ಹಾಕಬೇಕೇ ಹೊರತು ಪುಡಿಗೆ ನೀರಲ್ಲ.

ಹಸಿರಾದರೆ, ಮಬ್ಬಾದರೆ

ಹಸಿರು ಬಣ್ಣ ಪಾಚಿಯದ್ದು. ಗೋಡೆ, ಮೂಲೆಗಳನ್ನು ಬ್ರಷ್‌ನಿಂದ ಚೆನ್ನಾಗಿ ಉಜ್ಜಿ. ಸಂಜೆ ಹತ್ತು ಪಟ್ಟು ಪುಡಿ, ಅಂದರೆ ನಮ್ಮ ಲೆಕ್ಕದ ಪೂಲ್‌ಗೆ 400 ಗ್ರಾಂ, ಕದಡಿ ತಿಳಿ ಹಾಕಿ ಫಿಲ್ಟರ್ ಓಡಿಸಿ. ಕ್ಲೋರಿನ್ ಮತ್ತೆ 3ಕ್ಕೆ ಇಳಿಯುವವರೆಗೆ ಯಾರೂ ನೀರಿಗಿಳಿಯಕೂಡದು.

ಬರೀ ಮಬ್ಬಾಗಿದ್ದರೆ ನಮ್ಮ ಅಜ್ಜಿಯರು ಕೊಡದ ನೀರಿಗೆ ತೇಯುತ್ತಿದ್ದ ಪಟಿಕವೇ ಮದ್ದು. ಸಾವಿರ ಲೀಟರಿಗೆ 25 ಗ್ರಾಂನಂತೆ ಕರಗಿಸಿ ಹಾಕಿ, ನೀರಲ್ಲಿ ಬೆರೆತ ಮೇಲೆ ಪಂಪ್ ನಿಲ್ಲಿಸಿ. ಬೆಳಗ್ಗೆ ಹೊತ್ತಿಗೆ ಕೊಳೆ ತಳದಲ್ಲಿ ಕೂತಿರುತ್ತದೆ. ಕದಡದ ಹಾಗೆ ನಿಧಾನವಾಗಿ ಪೈಪಿನಿಂದ ಹೊರಗೆಳೆಯಿರಿ.

ಎಲ್ಲಕ್ಕಿಂತ ಅಗ್ಗದ ಉಪಾಯ ಇನ್ನೊಂದಿದೆ ಕಣ್ರೀ. ಇಳಿಯುವ ಮೊದಲು ಎಲ್ಲರೂ ಸೋಪು ಹಾಕಿ ಸ್ನಾನ ಮಾಡುವುದು! ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಬೆವರು, ಪೌಡರ್ ಎಲ್ಲವೂ ಕ್ಲೋರಿನ್ ತಿಂದುಹಾಕುತ್ತವೆ. ಪೂಲ್ ಘಾಟು ಹೊಡೆದು ಕಣ್ಣುರಿ ಬಂದರೆ ಕ್ಲೋರಿನ್ ಜಾಸ್ತಿಯಾಯಿತು ಅಂದುಕೊಳ್ಳುತ್ತೇವೆ. ಸಾಮಾನ್ಯವಾಗಿ ಕಾರಣ ಬೇರೆ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದಾಗ ಬರುವ ವಾಸನೆ ಅದು. ಚಿಕ್ಕ ಮಕ್ಕಳನ್ನು ಮೊದಲೇ ಬಾತ್‌ರೂಂಗೆ ಕಳಿಸಿ.

ಕರೆಂಟ್ ಬಿಲ್ ನೋಡಿ

ಗಂಟೆಗೆ ಆರು ಸಾವಿರ ಲೀಟರ್ ಸೋಸುವ ಅರ್ಧ ಎಚ್‌ಪಿ ಪಂಪ್ ನಮ್ಮ ಪುಟ್ಟ ಪೂಲ್ ಅನ್ನು ಎರಡು ಗಂಟೆಯಲ್ಲಿ ಒಂದು ಸುತ್ತು ಸೋಸುತ್ತದೆ. ಬೆಳಗ್ಗೆ ಎರಡು, ಸಂಜೆ ಎರಡು ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್ ಆಸುಪಾಸು. ಮರೆತು ದಿನಕ್ಕೆ ಹತ್ತು ಗಂಟೆ ಬಿಟ್ಟರೆ 150! 2023ರಲ್ಲಿ ಬಂದ ಗೃಹಜ್ಯೋತಿ ಸೌಲಭ್ಯ ಪಡೆಯುತ್ತಿರುವವರು ಗಮನಿಸಿ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಪಂಪ್‌ಗೊಂದು ಟೈಮರ್ ಹಾಕಿಸಿಬಿಡಿ.

ಟೆರೇಸ್ ಮೇಲೆ ಇಡುವ ಮುನ್ನ

ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಜನ ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕಿಲೋ ಹೆಚ್ಚುವರಿ ಭಾರಕ್ಕೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಅಂದರೆ ಬರೀ 15 ಸೆಂಟಿಮೀಟರ್ ಆಳದ ನೀರು! ಅರ್ಧ ಮೀಟರ್ ಆಳದ ಪ್ಲಾಸ್ಟಿಕ್ ಪೂಲ್ ಎಂದರೆ ಚದರ ಮೀಟರಿಗೆ 500 ಕಿಲೋ, ಮೇಲೆ ಕುಣಿಯುವ ಮಕ್ಕಳು ಬೇರೆ. ಎಂಜಿನಿಯರ್ ಒಪ್ಪದೆ ಮೇಲಿಡಬೇಡಿ. ಅಂಗಳದಲ್ಲೋ ಕಾರು ನಿಲ್ಲಿಸುವ ಜಾಗದಲ್ಲೋ ಇಡಿ. ಫಿಲ್ಟರ್ ಇಲ್ಲದ ಚಿಕ್ಕ ಪೂಲ್‌ಗೆ ಔಷಧಿ ಹಾಕುವ ಗೋಜು ಬೇಡ. ಅವತ್ತಿನ ಆಟ ಮುಗಿದ ಮೇಲೆ ಆ ನೀರನ್ನು ಗಿಡಕ್ಕೆ, ಅಂಗಳ ತೊಳೆಯಲು ಬಳಸಿ, ಪೂಲ್ ಒಣಗಿಸಿ ಮಡಿಚಿಡಿ.

ಉಪಯೋಗಿಸದೆ ಬಿಟ್ಟ ಪೂಲ್ ಸೊಳ್ಳೆಗಳ ತವರುಮನೆ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಒಂದೆರಡು ವಾರ ಸಾಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ನೆನಪಿದೆಯಲ್ಲ? ಊರಿಗೆ ಹೋಗುವ ಮೊದಲು ಪೂಲ್‌ನ ವ್ಯವಸ್ಥೆ ಮಾಡಿಯೇ ಬೀಗ ಹಾಕಿ.

ನೆನಪಿರಲಿ

• ದಿನಾ: ಬಲೆಯಿಂದ ಎಲೆ ತೆಗೆಯಿರಿ, ಕ್ಲೋರಿನ್ ಪರೀಕ್ಷಿಸಿ, ಕವರ್ ಮುಚ್ಚಿ.

• ವಾರಕ್ಕೊಮ್ಮೆ: ಗೋಡೆ ಉಜ್ಜಿ, ತಳ ಸ್ವಚ್ಛ ಮಾಡಿ, ಪಿಎಚ್ ನೋಡಿ.

• ಫಿಲ್ಟರಿನ ಒತ್ತಡದ ಮುಳ್ಳು ಮಾಮೂಲಿಗಿಂತ 8–10 ಅಂಕ ಏರಿದಾಗ ಮಾತ್ರ ಬ್ಯಾಕ್‌ವಾಶ್ ಮಾಡಿ. ಆ ನೀರನ್ನು ಹಿಡಿದಿಟ್ಟರೆ ಟಾಯ್ಲೆಟ್‌ಗೆ ಆಗುತ್ತದೆ.

• ಔಷಧಿ ಡಬ್ಬಿಗಳನ್ನು ತಂಪಾದ, ಒಣ ಜಾಗದಲ್ಲಿ, ಮಕ್ಕಳ ಕೈಗೆಟುಕದ ಹಾಗೆ ಬೀಗ ಹಾಕಿಡಿ.

• ಪೂಲ್ ಸುತ್ತ ಬೇಲಿ, ಒಳಗಿನಿಂದ ಚಿಲಕ ಹಾಕುವ ಗೇಟ್ ಇರಲಿ. ಮಕ್ಕಳು ಮುಳುಗುವಾಗ ಕೂಗುವುದಿಲ್ಲ, ಸದ್ದೇ ಆಗುವುದಿಲ್ಲ. ಕುಕ್ಕರ್ ಕೂಗಿತೆಂದು ಒಳಗೆ ಹೋಗಬೇಕಾದರೆ ಮಕ್ಕಳನ್ನು ಮೇಲೆ ಹತ್ತಿಸಿಯೇ ಹೋಗಿ.

• ನಿಂತಲ್ಲಿಂದ ಪೂಲ್‌ನ ತಳದ ಜಾಲರಿ ಸ್ಪಷ್ಟವಾಗಿ ಕಾಣುತ್ತಿಲ್ಲವೇ? ಅವತ್ತು ಈಜು ಬೇಡ. ನೀರು ತಿಳಿಯಾಗಿರಬೇಕು ಎನ್ನುವುದು ಬರೀ ಅಂದಕ್ಕಲ್ಲ, ತಳಕ್ಕಿಳಿದ ಮಗು ನಮ್ಮ ಕಣ್ಣಿಗೆ ಬೀಳಬೇಕು ಎಂಬುದಕ್ಕೆ.