ತಹಶೀಲ್ದಾರ್ ಆಗಲ್ಲ, ಆದರೂ ಓದಬಹುದು

ಮಳವಳ್ಳಿಗೆ ರೈಲಿಲ್ಲ. ಮೈಸೂರಿಗೆ ರೈಲಿನಲ್ಲೇ ಹೋಗಬೇಕೆಂದರೆ ಮೊದಲು ಬಸ್ಸು ಹತ್ತಿ ಮದ್ದೂರಿಗೋ ಮಂಡ್ಯಕ್ಕೋ ಬರಬೇಕು. ಅಂಥದೊಂದು ಬಸ್ಸು ಕೆ.ಎಂ. ದೊಡ್ಡಿ ದಾಟಿದ ಮೇಲೆ ಪಕ್ಕದಲ್ಲಿದ್ದ ಹುಡುಗ ಮಾತಿಗೆಳೆದ. ತಾಲ್ಲೂಕು ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕ, ಟಪಾಲು ವಿಭಾಗ. ‘ಪಬ್ಲಿಕ್ ಅಡ್ಮಿನಿಸ್ಟ್ರೇಶನ್ನಲ್ಲಿ ಎಂ.ಎ. ಮಾಡ್ಕಂಡ್ರೆ ತಹಶೀಲ್ದಾರ್ ಆಗ್ಬೋದಾ ಸಾರ್?’

ಆಗುವುದಿಲ್ಲ. ಕೆಎಎಸ್ ಪರೀಕ್ಷೆಗೆ ಕೂರಲು ಯಾವುದಾದರೊಂದು ಪದವಿ ಸಾಕು. ಗುಮಾಸ್ತಿಕೆಯಿಂದ ಶಿರಸ್ತೇದಾರಿಕೆಗೆ, ಅಲ್ಲಿಂದ ಮುಂದಕ್ಕೆ ಏರುವವರನ್ನು ಏರಿಸುವುದು ಜ್ಯೇಷ್ಠತಾ ಪಟ್ಟಿಯೇ ಹೊರತು ಎಂ.ಎ. ಅಂಕಪಟ್ಟಿಯಲ್ಲ. ಈ ಪದವಿಯೇ ಬೇಕೆಂದು ಕೇಳುವ ಕೆಲಸ ಹೆಚ್ಚುಕಮ್ಮಿ ಒಂದೇ: ಅದೇ ವಿಷಯವನ್ನು ಕಾಲೇಜಿನಲ್ಲಿ ಪಾಠ ಮಾಡುವುದು. ಅದಕ್ಕೂ ನೆಟ್ ಇಲ್ಲವೇ ಕೆ-ಸೆಟ್ ಆಗಿರಬೇಕು. ಯುಪಿಎಸ್‌ಸಿ 1987ರಲ್ಲಿ ಇದನ್ನು ಐಚ್ಛಿಕ ವಿಷಯವಾಗಿ ಸೇರಿಸಿದಾಗ ದೇಶಕ್ಕೇ ‘ಪಬ್ ಆಡ್’ ಹುಚ್ಚು ಹಿಡಿದಿತ್ತು. 2013ರಲ್ಲಿ ಎರಡು ಐಚ್ಛಿಕಗಳ ಜಾಗದಲ್ಲಿ ಒಂದೇ ಉಳಿಯಿತು, ಹುಚ್ಚೂ ಇಳಿಯಿತು.

ಇಷ್ಟು ಹೇಳಿದ ಮೇಲೂ ‘ಓದಬೇಡ’ ಅನ್ನಲು ನನಗೆ ನಾಲಿಗೆ ಏಳಲಿಲ್ಲ.

ಕಾರಣ ಮದ್ದೂರು. ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂದ ‘ಭೂಮಿ’ ಯೋಜನೆ ಮೊದಮೊದಲು ಕಣ್ಣುಬಿಟ್ಟ ತಾಲ್ಲೂಕುಗಳಲ್ಲಿ ಇದೂ ಒಂದು. ಆಗ ಮುಖ್ಯಮಂತ್ರಿಯಾಗಿದ್ದ ಎಸ್.ಎಂ. ಕೃಷ್ಣ ಇದೇ ತಾಲ್ಲೂಕಿನ ಸೋಮನಹಳ್ಳಿಯವರು. ಯೋಜನೆಯ ಹೊಣೆ ಹೊತ್ತವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಅಲ್ಲಿಯವರೆಗೆ ಪಹಣಿ ಬೇಕೆಂದರೆ ಶಾನುಭೋಗರ ಜಾಗಕ್ಕೆ ಬಂದ ಗ್ರಾಮಲೆಕ್ಕಿಗರನ್ನು ಹುಡುಕಬೇಕು, ಸಿಕ್ಕರೆ ಕಾಯಬೇಕು, ಕಾದರೆ ಕೈ ಬಿಸಿ ಮಾಡಬೇಕು. ಭೂಮಿ ಬಂದಾಗ 15 ರೂಪಾಯಿ, ಒಂದು ಕೌಂಟರ್. ಅದಕ್ಕಿಂತ ದೊಡ್ಡ ಬದಲಾವಣೆ ಮ್ಯುಟೇಶನ್ನಿನದು. ಮೊದಲು ಬಂದ ಅರ್ಜಿ ಮೊದಲು ವಿಲೇವಾರಿಯಾಗಬೇಕು. ನಡುವೆ ಯಾರನ್ನೂ ನುಸುಳಿಸಲು ಯಂತ್ರ ಬಿಡುವುದಿಲ್ಲ. ಜರ್ಮನಿಯ ಮ್ಯಾಕ್ಸ್ ವೇಬರ್ ಅಧಿಕಾರಶಾಹಿಯ ಬಗ್ಗೆ ಹೇಳಿದ್ದೂ ಇದನ್ನೇ: ಮುಖ ನೋಡದೆ, ನಿಯಮ ನೋಡಿ ಕೆಲಸ ಮಾಡು. ಪಠ್ಯದಲ್ಲಿ ಅದು ಬಾಯಿಪಾಠದ ಐದು ಅಂಕದ ಪ್ರಶ್ನೆ. ಪಹಣಿ ಕೌಂಟರಿನ ಮುಂದೆ ಸಾಲು ನಿಂತ ರೈತನಿಗೆ ಅದು ಅರ್ಧ ದಿನದ ಕೂಲಿ.

ಹಾಗಂತ ಕಥೆ ಅಲ್ಲಿಗೇ ಸುಖಾಂತ್ಯವಾಗಲಿಲ್ಲ. ಕಚೇರಿಯ ಒಳಗಿನ ಕೈ ಕೆಲವು ಕಡೆ ಹೊರಗಿನ ಅರ್ಜಿ ಬರೆಯುವವರ ಮೇಜಿಗೆ ಜಾಗ ಬದಲಿಸಿತು. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಅಂಚಿನಲ್ಲಿ ನಡೆಸಿದ ಅಧ್ಯಯನ ಇನ್ನೂ ಕಟುವಾಗಿತ್ತು: ದಾಖಲೆಯೆಲ್ಲ ಒಂದೆಡೆ ಸೇರಿದ್ದರಿಂದ ಅನುಕೂಲವಾದದ್ದು ದೊಡ್ಡ ಭೂವ್ಯವಹಾರದವರಿಗೆ ಎಂದಿತು. ಎರಡನ್ನೂ ಎದುರುಬದುರು ಇಟ್ಟು ತೂಗುವುದಕ್ಕೆ ಒಂದು ಶಿಸ್ತು ಬೇಕು. ಈ ಎಂ.ಎ. ಕಲಿಸಬೇಕಾದದ್ದು ಅದನ್ನೇ.

ಎಲ್ಲಿ ಓದುವುದು? ಕೆಲಸದಲ್ಲಿರುವವರಿಗೆ ದೂರಶಿಕ್ಷಣವೇ ದಾರಿ. ಇಗ್ನೋದ ಪಠ್ಯ ಚೆನ್ನಾಗಿದೆ. ವಿಕೇಂದ್ರೀಕರಣ, ಇ-ಆಡಳಿತ, ವಿಪತ್ತು ನಿರ್ವಹಣೆಗೆ ಬೇರೆಬೇರೆ ಪತ್ರಿಕೆಗಳೇ ಇವೆ. ಆದರೆ ಮಾಧ್ಯಮ ಇಂಗ್ಲಿಷ್ ಅಥವಾ ಹಿಂದಿ. ಕನ್ನಡದಲ್ಲಿ ಬರೆಯುವವರು ಮೈಸೂರಿನ ಮುಕ್ತಗಂಗೋತ್ರಿಯ ಕಡೆ, ಅಂದರೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕಡೆ ನೋಡುತ್ತಾರೆ. 2013-14ರಿಂದ ಅನ್ವಯಿಸಿ ಅದರ ಮಾನ್ಯತೆಯನ್ನು ಯುಜಿಸಿ ಕಿತ್ತುಕೊಂಡಿತ್ತು. ಮರಳಿ ಬಂದದ್ದು 2018ರಲ್ಲಿ. ಆ ನಡುವಿನಲ್ಲಿ ಸಿಕ್ಕಿಕೊಂಡವರ ಪಾಡು ಕೇಳಿದವರು, ಯಾವ ವಿಶ್ವವಿದ್ಯಾಲಯವೇ ಇರಲಿ, ಹಣ ಕಟ್ಟುವ ಮೊದಲು ಯುಜಿಸಿ ಪಟ್ಟಿ ನೋಡುತ್ತಾರೆ.

ಮಂಡ್ಯದಲ್ಲೇ ವಿಶ್ವವಿದ್ಯಾಲಯ ಇಲ್ಲವೇ ಅಂದರೆ, ಇದೆ. 1948ರಲ್ಲಿ ಶುರುವಾದ ಸರ್ಕಾರಿ ಕಾಲೇಜು 2019ರಲ್ಲಿ ಮಂಡ್ಯ ವಿಶ್ವವಿದ್ಯಾಲಯವಾಯಿತು. 2025ರಲ್ಲಿ ಸಚಿವ ಸಂಪುಟದ ಉಪಸಮಿತಿ ಮುಚ್ಚಬೇಕೆಂದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಅದರ ಹೆಸರೂ ಬಂತು. ತೆರೆಯುವಾಗ ಹಣದ ಲೆಕ್ಕ ಹಾಕದೆ ಆರು ವರ್ಷಕ್ಕೆ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಸಾರ್ವಜನಿಕ ನೀತಿಯ ಮೇಷ್ಟ್ರು ಬೇರೆ ಉದಾಹರಣೆ ಹುಡುಕಬೇಕಿಲ್ಲ, ಕಿಟಕಿಯಾಚೆ ನೋಡಿದರಾಯಿತು.

ಪಂಚಾಯತ್‌ರಾಜ್ ಅಧ್ಯಾಯಕ್ಕೆ ಬಂದರೆ ಪುಸ್ತಕಕ್ಕೂ ಊರಿಗೂ ಜಗಳವೇ ಹತ್ತುತ್ತದೆ. ಸಂವಿಧಾನದ 243ಇ ವಿಧಿ ಪಂಚಾಯಿತಿಗಳಿಗೆ ಐದು ವರ್ಷ ಎನ್ನುತ್ತದೆ, ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕು ಎನ್ನುತ್ತದೆ. ಪಂಚಾಯತ್‌ರಾಜ್ ಸಚಿವರಾಗಿದ್ದ ನಜೀರ್ ಸಾಬರ ನಾಡಿದು. 1987ರಲ್ಲೇ ಜಿಲ್ಲಾ ಪರಿಷತ್ತಿಗೆ ಮತ ಹಾಕಿದ ರಾಜ್ಯ. ಇಲ್ಲಿಯೇ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ಚುನಾಯಿತರ ಕುರ್ಚಿಯಲ್ಲಿ ಆಡಳಿತಾಧಿಕಾರಿಗಳು ವರ್ಷಗಟ್ಟಲೆ ಕೂತರು. ‘ಪರೀಕ್ಷೇಲಿ ಯಾವ್ದು ಬರೀಲಿ ಸಾರ್, ಪುಸ್ತಕದ್ದಾ, ನಮ್ಮೂರದ್ದಾ?’ ಅಂದ ಹುಡುಗ. ಪಾಸಾಗಲು ಪುಸ್ತಕದ್ದು ಬರಿ, ಯೋಜನಾ ವರದಿಗೆ ಊರದ್ದು ಇಟ್ಟುಕೋ ಅಂದೆ.

ಮದ್ದೂರು ಹತ್ತಿರವಾಗುತ್ತಿತ್ತು. ವರದಿಗೆ ಏನು ವಿಷಯ ತಗೊಳ್ಳಲಿ ಎಂದು ಕೇಳಿದ. ನಿನ್ನ ಮೇಜಿನ ಮೇಲೇ ಇದೆಯಲ್ಲ, ಟಪಾಲು ವಹಿ. ಅರ್ಜಿ ಒಳಗೆ ಬಂದ ದಿನ, ವಿಷಯ ನಿರ್ವಾಹಕರ ಕೈಸೇರಿದ ದಿನ, ಟಿಪ್ಪಣಿ ಮೇಲೆ ಹೋದ ದಿನ, ಹಿಂಬರಹ ಹೊರಟ ದಿನ. ನೂರು ಅರ್ಜಿ ಆರಿಸಿಕೊಂಡು ಸಕಾಲ ಕಾಯ್ದೆ ಹೇಳಿದ ಗಡುವಿನ ಪಕ್ಕ ಇಡು. ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಬರೆ.

‘ವಹಿ ಬಳಸೋಕೆ ಸಾಹೇಬ್ರು ಒಪ್ಪಬೇಕಲ್ಲ ಸಾರ್.’

ಒಪ್ಪದಿದ್ದರೆ ಮಾಹಿತಿ ಹಕ್ಕಿದೆ, ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು ಅಂದೆ.

ಹುಡುಗ ಬ್ಯಾಗು ಹೆಗಲಿಗೇರಿಸಿ ಎದ್ದು ನಿಂತ. ‘ಆ ಅರ್ಜಿ ತಗೊಂಡು ಸೀಲ್ ಹಾಕೋನೂ ನಾನೇ ಕಣ್ ಸಾರ್.’