ನಮ್ಮೂರು ಯಾವ ಬೆಂಗಳೂರು ದಕ್ಷಿಣದಲ್ಲಿದೆ?

ಈಗ ‘ಬೆಂಗಳೂರು ದಕ್ಷಿಣ’ ಅಂದ್ರೆ ನಾಲ್ಕು ಅರ್ಥ. ಬಸವನಗುಡಿ, ಜಯನಗರದ ಕಡೆಯ ಲೋಕಸಭಾ ಕ್ಷೇತ್ರ ಒಂದು. ಬೆಂಗಳೂರು ನಗರ ಜಿಲ್ಲೆಯೊಳಗಿನ ತಾಲ್ಲೂಕು ಇನ್ನೊಂದು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯನ್ನು ಐದು ಪಾಲಿಕೆ ಮಾಡಿದಾಗ ಹುಟ್ಟಿದ್ದು ಮೂರನೆಯದು. ನಾಲ್ಕನೆಯದು ನಮ್ಮ ಜಿಲ್ಲೆ. ಅದೇ ವರ್ಷದ ಮೇ ತಿಂಗಳವರೆಗೆ ರಾಮನಗರ ಜಿಲ್ಲೆ ಆಗಿದ್ದದ್ದು. ಮಜಾ ಅಂದ್ರೆ, ಬೆಂಗಳೂರು ದಕ್ಷಿಣ ಜಿಲ್ಲೆಯವರಾದ ನಾವು ಎಂಪಿಗೆ ವೋಟು ಹಾಕೋದು ಬೆಂಗಳೂರು ಗ್ರಾಮಾಂತರ ಕ್ಷೇತ್ರದಲ್ಲಿ! ಒಂದೇ ಪ್ರೋಗ್ರಾಮಿನಲ್ಲಿ ನಾಲ್ಕು ಬೇರೆ ಸಂಗತಿಗೆ ಒಂದೇ ಹೆಸರಿಟ್ಟರೆ ನಮ್ಮ ಆಫೀಸಿನಲ್ಲಿ ಆ ಕೋಡ್ ವಾಪಸ್ ಬರುತ್ತೆ.

ನಮ್ಮದು ಚನ್ನಪಟ್ಟಣ ತಾಲ್ಲೂಕು, ವಿರೂಪಾಕ್ಷಿಪುರ ಹೋಬಳಿ. ಅಪ್ಪ ಹುಟ್ಟಿದ್ದು ಬೆಂಗಳೂರು ಜಿಲ್ಲೆಯಲ್ಲಿ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಬೇರೆಯಾಯ್ತು, ನಾನು ಹುಟ್ಟಿದ್ದು ಅದರಲ್ಲಿ. 2007ರ ಆಗಸ್ಟಿನಲ್ಲಿ ರಾಮನಗರ ಜಿಲ್ಲೆ ಆಯ್ತು, ಮಗಳು ಹುಟ್ಟಿದ್ದು ಅಲ್ಲಿ. ಮೂರು ಜನರಿಗೂ ಮನೆ ಒಂದೇ, ಜಿಲ್ಲೆ ಮಾತ್ರ ಮೂರು.

ರಾಮನಗರದ ಹೆಸರೂ ಮೊದಲಿನದಲ್ಲ. 1800ರಲ್ಲಿ ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಅದು ಕ್ಲೋಸ್‌ಪೇಟೆ ಆಯ್ತು. ಕಾಡಿನ ನಡುವೆ ಹಾದು ಹೋಗುತ್ತಿದ್ದ ಹೆದ್ದಾರಿಗೆ ಕಾವಲಾಗಲಿ ಅಂತ ಕಟ್ಟಿದ ಊರು. ಸ್ವಾತಂತ್ರ್ಯ ಬಂದ ಮೇಲೆ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಅದು ರಾಮನಗರವಾದರೂ, ಭೂವಿಜ್ಞಾನಿಗಳು ಇಲ್ಲಿನ ಬಂಡೆಯನ್ನು ಇವತ್ತಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಅಂತಲೇ ಕರೆಯುತ್ತಾರೆ. ನಮ್ಮ ಚನ್ನಪಟ್ಟಣ ಅದಕ್ಕಿಂತ ಹಳೇದು. 1580ರ ಸುಮಾರಿಗೆ ಜಗದೇವರಾಯ ಕೋಟೆ ಕಟ್ಟಿ ಆಳಿದ, 1630ರಲ್ಲಿ ಮೈಸೂರಿನ ಒಡೆಯರ ಕೈಗೆ ಬಂತು.

ಬೆಂಗಳೂರು ಅನ್ನೋ ಹೆಸರು ಸೇರಿದರೆ ಕೈಗಾರಿಕೆ ಬರುತ್ತೆ, ಜಮೀನಿಗೆ ಬೆಲೆ ಬರುತ್ತೆ ಅಂತ ಹೇಳ್ತಾರೆ. ಬರಬಹುದು. ಮಾರುವವರಿಗೆ ಅದು ಲಾಭ. ಹಿಪ್ಪುನೇರಳೆ ಬೆಳೆದುಕೊಂಡು ಅಲ್ಲೇ ಇರುತ್ತೇನೆ ಅನ್ನುವವರಿಗೆ ಏನು ಅಂತ ನನಗೆ ಗೊತ್ತಾಗಿಲ್ಲ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಎರಡೂ ಊರನ್ನು ಬಳಸಿಕೊಂಡು ಹೋದ ಮೇಲೆ ಹಳೇ ರಸ್ತೆಯ ಬೊಂಬೆ ಅಂಗಡಿಗಳಿಗೆ ವ್ಯಾಪಾರ ಕಮ್ಮಿಯಾಗಿದ್ದನ್ನು ನೋಡಿದ್ದೇವೆ.

ನನ್ನ ತಕರಾರು ಹೆಸರಿನ ಬಗ್ಗೆ ಅಲ್ಲ. ಹೆಸರು ಬದಲಾಯಿಸೋಕೆ ಒಂದು ಸಚಿವ ಸಂಪುಟ ಸಭೆ ಸಾಕಾಯ್ತು. ಆದರೆ ಆ ಹೆಸರಿನ ಜಿಲ್ಲೆಗೆ ನಾವು ಆರಿಸಿದ ಜಿಲ್ಲಾ ಪಂಚಾಯಿತಿಯೇ ಇಲ್ಲವಲ್ಲ? ರಾಜ್ಯದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಕೊನೇ ಚುನಾವಣೆ ನಡೆದದ್ದು 2016ರಲ್ಲಿ. ಅವಧಿ ಮುಗಿದದ್ದು 2021ರಲ್ಲಿ. 2025 ಮುಗಿದರೂ ಮತ್ತೆ ಚುನಾವಣೆ ಆಗಲಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಮುಂದಕ್ಕೆ ಹೋಗ್ತಾನೇ ಇತ್ತು. ಅವಧಿ ಮುಗಿಯುವ ಮುಂಚೆಯೇ ಚುನಾವಣೆ ಮುಗಿಸಬೇಕು ಅಂತ ಸಂವಿಧಾನದ 243ಇ ವಿಧಿ ಹೇಳುತ್ತೆ. ನಾವು ಸೇರಲು ಹೊರಟಿರುವ ಬೆಂಗಳೂರಿನ ಕಥೆಯೂ ಇದೇ: ಬಿಬಿಎಂಪಿಗೆ ಕೊನೇ ಚುನಾವಣೆ 2015ರಲ್ಲಿ, ಕಾರ್ಪೊರೇಟರುಗಳು ಮನೆಗೆ ಹೋದದ್ದು 2020ರಲ್ಲಿ.

ಪಟ್ಟಣದವರು ಸ್ವಲ್ಪ ವಾಸಿ. ರಾಮನಗರ, ಚನ್ನಪಟ್ಟಣ ಎರಡೂ ನಗರಸಭೆಗಳಿಗೆ, ತಲಾ 31 ವಾರ್ಡಿಗೆ, 2021ರ ಏಪ್ರಿಲ್‌ನಲ್ಲಿ ಮತದಾನ ಆಯ್ತು. ಚರಂಡಿ ಕಟ್ಟಿಕೊಂಡರೆ, ಬೀದಿದೀಪ ಕೆಟ್ಟರೆ ಯಾರ ಮನೆ ಬಾಗಿಲು ತಟ್ಟಬೇಕು ಅಂತ ಅಲ್ಲಿನವರಿಗೆ ಗೊತ್ತು. ಹಳ್ಳಿಯಲ್ಲಿ ನಲ್ಲಿ ನೀರಿನ ವಿಷಯಕ್ಕೆ ಗ್ರಾಮ ಪಂಚಾಯಿತಿ ಇದೆ. ಆದರೆ ಸ್ಕೂಲಿಗೆ ಮೇಷ್ಟ್ರಿಲ್ಲ, ಆರೋಗ್ಯ ಕೇಂದ್ರದಲ್ಲಿ ಡಾಕ್ಟ್ರಿಲ್ಲ ಅಂದ್ರೆ ಅದು ಮೇಲಿನವರ ಕೆಲಸ. ಅಲ್ಲಿ ಕೂತಿರೋದು ಅಧಿಕಾರಿಗಳು. ಒಳ್ಳೆಯವರೂ ಇರ್ತಾರೆ, ವರ್ಗಾನೂ ಆಗ್ತಾರೆ. ಮುಂದಿನ ಸಲ ವೋಟು ಕೇಳೋಕೆ ಮಾತ್ರ ಬರೋದಿಲ್ಲ.

ಇದು ಆದದ್ದು ಎಂಥ ಜಿಲ್ಲೆಯಲ್ಲಿ ನೋಡಿ. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿ 1983ರಲ್ಲಿ ಉಪಚುನಾವಣೆ ಗೆದ್ದದ್ದು ನಮ್ಮ ಕನಕಪುರದಿಂದ. ಅವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ತಂದ ಕಾಯ್ದೆಯಿಂದ 1987ರಲ್ಲಿ ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯಿತಿಗೂ ಚುನಾವಣೆ ನಡೆಯಿತು. ದೇಶಕ್ಕೆ 73ನೇ ತಿದ್ದುಪಡಿ ಬರೋಕೆ ಐದಾರು ವರ್ಷ ಮುಂಚೆ ಇದು.

ನನ್ನ ಚಿಕ್ಕಪ್ಪನ ಮಗ 1998ರ ಕೊನೆಗೆ ಹುಟ್ಟಿದವನು. ಎಂಪಿಗೆ ಎರಡು ಸಲ ವೋಟು ಹಾಕಿದ್ದಾನೆ. 2024ರ ಚನ್ನಪಟ್ಟಣ ಉಪಚುನಾವಣೆ ಸೇರಿದರೆ ಎಂಎಲ್‌ಎಗೆ ಮೂರು ಸಲ. ಜಿಲ್ಲಾ ಪಂಚಾಯಿತಿಗೆ ಒಂದು ಸಲವೂ ಇಲ್ಲ. ‘ಅದಕ್ಕೂ ಎಲೆಕ್ಷನ್ ಇರುತ್ತಾ ಅಣ್ಣ?’ ಅಂದ.